ಕೆಳರೆಪ್ಪೆಯ ಬಣ್ಣ

ಈ ವಾರ ಶಿರಾ ಕುರಿ ಸಂತೆಯಲ್ಲಿ ಒಂದು ಮರಿಯನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡು, ಅದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುತ್ತಿದ್ದೆ. ಒಳಗೆ ಸುಣ್ಣ ಬಳಿದ ಹಾಗೆ ಬಿಳಿ. ಮೇಲೆ ನೋಡಿದರೆ ಮರಿ ದುಂಡಗಿದೆ, ಉಣ್ಣೆ ಹೊಳೆಯುತ್ತಿದೆ, ಮಾರುವವನು ಬೆಳಿಗ್ಗೆಯೇ ತೊಳೆದು ತಂದಿದ್ದಾನೆ. ರೆಪ್ಪೆಯ ಒಳಗನ್ನು ಮಾತ್ರ ಯಾರೂ ತೊಳೆಯಲಾರರು. ನಲವತ್ತು ವರ್ಷದಿಂದ ನನ್ನ ಹೊಟ್ಟೆ ಹೊರೆದದ್ದು ಆ ಅರ್ಧ ಬೆರಳಗಲದ ಚರ್ಮ.

ಅಷ್ಟರಲ್ಲಿ ಕಳ್ಳಂಬೆಳ್ಳದ ನಾಗರಾಜ ಪಕ್ಕಕ್ಕೆ ಬಂದು ನಿಂತ. ನನಗೆ ಬಹಳ ವರ್ಷದಿಂದ ಕುರಿ ಕೊಡುವವನು. ಆವತ್ತು ಅವನ ಜೊತೆ ಕುರಿ ಇರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಬೇರೆ ಬೇರೆ ಲ್ಯಾಬುಗಳ ಕಾಗದ. ದೂರದಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಅವನ ಹೆಂಡತಿ ಸೆರಗು ಹೊದ್ದು ಕೂತಿದ್ದಳು, ಬಿಸಿಲಿನಲ್ಲಿ.

“ಅಣ್ಣಾ, ನಮ್ಮನೆಯೋಳ್ಗೆ ರಕ್ತ ಸರಿಗಿಲ್ಲ ಅಂತವ್ರೆ. ಮೂರು ಕಡೆ ತೋರುಸ್ದೆ. ಮೊದಲ್ನೇರು ದೊಡ್ಡದೇನೋ ಐತೆ, ರಕ್ತದ ಸ್ಪೆಷಲಿಸ್ಟ್ ಹತ್ರ ಹೋಗಿ ಅಂದ್ರು. ಎರಡ್ನೇರು ನೋಡಣ ಅಂದ್ರು. ಮೂರ್ನೇರು ಏನಿಲ್ಲ, ಟಾನಿಕ್ ಕುಡುದ್ರೆ ಹೋಯ್ತದೆ ಅಂದ್ರು. ನಂಗೆ ಮೂರ್ನೇರೇ ಸರಿ ಅನ್ನಿಸ್ತದೆ. ನೀನೇನಂತೀಯ?”

“ಮೂರನೆಯವರಿಗೆ ಮೊದಲಿನ ಕಾಗದ ತೋರಿಸಿದ್ಯಾ?” ಎಂದೆ.

“ಅದ್ಯಾಕಣ್ಣಾ ತೋರ್ಸನ? ಅವ್ರೂ ಅದ್ನೇ ಹೇಳ್ಬುಟ್ರೆ?”

ನನ್ನ ಕೈಯಿಂದ ಮರಿ ಜಾರಿತು. “ಇರು, ಮೊದಲು ಟೀ ಕುಡಿಯೋಣ” ಎಂದೆ. ಆ ಟೀ ಆರುವ ತನಕ ನನ್ನ ತಲೆಯಲ್ಲಿ ಓಡಿದ್ದನ್ನೇ ನಿಮಗೆ ಹೇಳಲು ಕೂತಿದ್ದೇನೆ. ಉಪದೇಶ ಮಾಡುವುದು ನನಗೆ ಮೊದಲಿನಿಂದ ಬಂದ ಚಟ. ಕೇಳದವರಿಗೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಮಗಳಿಗೆ ಗಂಡು ನೋಡುತ್ತಿದ್ದೇವೆ ಎಂದರೆ ಇಳಿಯುವಷ್ಟರಲ್ಲಿ ಎರಡು ಮನೆ ಬೇಡ, ಒಂದು ಮನೆ ಆಗಬಹುದು ಎಂದು ತೀರ್ಮಾನ ಕೊಟ್ಟಿರುತ್ತೇನೆ. ಇದೊಂದು ವಿಷಯದಲ್ಲಿ ಮಾತ್ರ ನನ್ನ ಉಪದೇಶಕ್ಕೆ ಬೇರೆಯವರ ಜೀವ ಹೋಗಿದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ.

ನನಗೆ ಆ ರೆಪ್ಪೆ ನೋಡುವುದನ್ನು ಕಲಿಸಿದವಳು ನಮ್ಮಕ್ಕ. ಮಧುಗಿರಿ ತಾಲ್ಲೂಕಿನ ಪುರವರದಲ್ಲಿ ನಮ್ಮ ಮನೆ. ಅವ್ವ ಹೋದಾಗ ನನಗೆ ಐದು, ಅವಳಿಗೆ ಹದಿನಾರು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆಯಿಂದ ಒಂದು ಟ್ರಂಕು ಹೊತ್ತುಕೊಂಡು ತಿರುಗಿ ಬಂದಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ, ಕೇಳಿದವರಿಗೆ “ಅಲ್ಲಿ ನೀರು ಉಪ್ಪು ಕಣವ್ವಾ” ಎನ್ನುತ್ತಿದ್ದಳು. ನಾಲ್ಕು ಕುರಿ ಕಟ್ಟಿಕೊಂಡಳು. ಆ ನಾಲ್ಕರಿಂದಲೇ ನನ್ನ ಏಳನೇ ಕ್ಲಾಸಿನವರೆಗಿನ ಓದು, ನನ್ನ ಮದುವೆ, ಮಧುಗಿರಿ ಬೆಟ್ಟದ ಬುಡದಲ್ಲಿ ನಾನು ಕಟ್ಟಿಸಿದ ಮನೆ. ನಾನು ಸ್ವಂತ ಬುದ್ಧಿಯಿಂದ ಮೇಲೆ ಬಂದವನು ಎಂದು ಎಲ್ಲ ಕಡೆ ಹೇಳಿಕೊಳ್ಳುತ್ತೇನಲ್ಲ, ಅದರಲ್ಲಿ ಇಷ್ಟು ಭಾಗ ಅವಳದು.

ಮೊದಲ ಸಲ ಸಂತೆಗೆ ಕರೆದುಕೊಂಡು ಹೋದಾಗ ನನ್ನ ಹೆಬ್ಬೆರಳು ಹಿಡಿದು ಒಂದು ಕುರಿಯ ಕಣ್ಣಿಗೆ ಒತ್ತಿಸಿದಳು. “ನೋಡ್ಲಾ, ಕೆಂಪಗಿದ್ರೆ ತಗೋ, ಬೆಳ್ಳಗಿದ್ರೆ ಬುಡು. ಮಾರೋನ ಬಾಯಿ ನೋಡ್ಬ್ಯಾಡ.” ಅಷ್ಟೇ ಪಾಠ. ಬಿಳಿ ಎಂದರೆ ಹೊಟ್ಟೆಯಲ್ಲಿ ಜಂತು ಕೂತು ರಕ್ತ ಹೀರುತ್ತಿದೆ ಎಂದರ್ಥ. ಔಷಧಿ ಕುಡಿಸಿ ತಿಂಗಳು ಬಿಟ್ಟು ನೋಡಿದರೆ ರೆಪ್ಪೆ ದಾಸವಾಳದ ಹಾಗಾಗುತ್ತದೆ. ನಾನು ಎಷ್ಟೋ ಸಲ ಬೇಕೆಂದೇ ಬಿಳಿ ರೆಪ್ಪೆಯವನ್ನು ಹೇಳಿದ್ದಕ್ಕಿಂತ ಕಡಿಮೆಗೆ ಕೊಂಡು, ಕೆಂಪು ಮಾಡಿ ಮಾರಿದ್ದೇನೆ.

ವ್ಯಾಪಾರದ ಇನ್ನೊಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಒಬ್ಬ ಎಷ್ಟು ಕೇಳಿದ ಎಂಬುದನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬಾರದು, ಅದು ಧರ್ಮ. ಮೊದಲು ಹೇಳಿದ ಬೆಲೆಯನ್ನು ನಂಬುವವನು ಸಂತೆಗೆ ಬರಬಾರದು, ಅದು ಬುದ್ಧಿವಂತಿಕೆ. ತಿರುಗಾಡುತ್ತ ಹೊತ್ತು ಕಳೆದಷ್ಟೂ ಬೆಲೆ ಇಳಿಯುತ್ತದೆ. ಕೊನೆಗೆ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒಮ್ಮೆ ಬಿಗಿಯಾಗಿ ಒತ್ತಿ ಬಿಟ್ಟರೆ ಮುಗಿಯಿತು. ಆಮೇಲೆ ಯಾರೂ ಎಳೆದಾಡುವುದಿಲ್ಲ.

ಕೆಲವು ವರ್ಷದ ಹಿಂದೆ, ಶ್ರಾವಣದಲ್ಲಿ ಪುರವರಕ್ಕೆ ಹೋದಾಗ ಅಕ್ಕ ಕುರಿ ರೊಪ್ಪದ ಬಾಗಿಲಿನಲ್ಲಿ ಕೂತಿದ್ದಳು. ಹಗಲು ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ನೋಡಿರಲೇ ಇಲ್ಲ. ಬೇಲಿಯ ಹತ್ತಿರ ಹೋಗಿ ಬರುವಷ್ಟರಲ್ಲಿ ಏದುಸಿರು. ನಾನು ತಮಾಷೆಗೆಂದೇ ಹತ್ತಿರ ಹೋಗಿ, ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆ ಎಳೆದೆ.

ಸುಣ್ಣ.

ಅವಳು ಕಣ್ಣು ಹಾಗೇ ಬಿಟ್ಟುಕೊಂಡು, “ನೋಡ್ದೇನ್ಲಾ? ತಗೋತೀಯೋ ಬುಡ್ತೀಯೋ?” ಎಂದಳು. ಇಬ್ಬರೂ ನಕ್ಕೆವು. ಆ ನಗು ನನಗೆ ಇವತ್ತಿಗೂ ನೆನಪಿಗೆ ಬರುವುದು ಬೇಡ, ಬರುತ್ತದೆ.

ನಾನು ಮಾಡಿದ ಮೊದಲ ಕೆಲಸ ಮೆಡಿಕಲ್ ಅಂಗಡಿಯಿಂದ ಜಂತಿನ ಮಾತ್ರೆ ತಂದದ್ದು. ನಗಬೇಡಿ. ನಲವತ್ತು ವರ್ಷ ಒಂದೇ ಬೀಗ ತೆಗೆದವನು ಎಲ್ಲ ಬಾಗಿಲಿಗೂ ಅದೇ ಕೀಲಿ ಹಾಕುತ್ತಾನೆ. ಮಾತ್ರೆ ಕೊಟ್ಟೆ, ಬೀಟ್‌ರೂಟು ತಂದು ಹಾಕಿದೆ, ರಕ್ತ ಬರಲೆಂದು ಮೇಕೆ ಈಲಿ, ಅಂದರೆ ಲಿವರು, ಬೇಯಿಸಲು ಹೇಳಿದೆ. ಹದಿನೈದು ದಿನ ಬಿಟ್ಟು ಮತ್ತೆ ರೆಪ್ಪೆ ಎಳೆದರೆ ಇನ್ನೂ ಬೆಳ್ಳಗಾಗಿತ್ತು.

ಮಧುಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಕಾಗದವನ್ನು ಎರಡು ಸಲ ಓದಿ, ಅಕ್ಕನನ್ನು ಹೊರಗೆ ಕೂರಿಸಿ ನನಗೆ ಹೇಳಿದರು: “ಬರೀ ಹಿಮೋಗ್ಲೋಬಿನ್ ಕಡಿಮೆ ಅಂತಾದರೆ ನಾನೇ ನೋಡ್ತಿದ್ದೆ. ಬಿಳಿ ಕಣ ಸರಿಯಿಲ್ಲ, ಪ್ಲೇಟ್‌ಲೆಟ್ ಸರಿಯಿಲ್ಲ. ರಕ್ತದ ತಜ್ಞರನ್ನ ಕಾಣಬೇಕು. ತಡ ಮಾಡಬೇಡಿ.”

ನೋಡಿ, ಇಲ್ಲಿ ನನ್ನ ಕಸುಬು ಅಡ್ಡ ಬಂತು. ಆ ಮಾತು ನನ್ನ ಕಿವಿಗೆ ಡಾಕ್ಟರ ಮಾತಾಗಿ ಬೀಳಲೇ ಇಲ್ಲ, ಬೆಲೆಯಾಗಿ ಬಿತ್ತು. ಮೊದಲ ಬೆಲೆ. ಯಾರು ನಂಬುತ್ತಾರೆ? ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೆ. “ಏನಂದ್ರು?” ಎಂದಳು ಅಕ್ಕ. “ಇನ್ನೊಂದ್ ಕಡೆ ಕೇಳಣ ತಡಿ” ಎಂದೆ.

ಕೊರಟಗೆರೆಯಲ್ಲಿ ತೋರಿಸಿದೆ. ಅಲ್ಲಿಯವರು ಹೊಸದಾಗಿ ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಹಳೆಯದು ಏನಾದರೂ ಇದೆಯೇ ಎಂದರು. ಇಲ್ಲ ಎಂದೆ. ಪರೀಕ್ಷೆ ಮಾಡಿಸದೆ ಬಸ್ಸು ಹತ್ತಿದೆ. ಆಮೇಲೆ ಶಿರಾದ ಕಡೆ ಒಬ್ಬರು. ಅವರ ಮುಂದೆ ನಾನೇ ಮಾತನಾಡಿದೆ, ಅಕ್ಕನಿಗೆ ಬಾಯಿ ಬಿಡಲು ಕೊಡಲಿಲ್ಲ. ವಯಸ್ಸಾಗಿದೆ, ಊಟ ಸರಿಯಾಗಿ ಮಾಡುವುದಿಲ್ಲ, ಸುಸ್ತು ಎಂದೆ. ಅವರು ರೆಪ್ಪೆ ನೋಡಿ, ರಕ್ತ ಕಡಿಮೆ ಇದೆ, ಈ ಟಾನಿಕ್ ಕುಡಿಯಲಿ, ಎರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಅವರದೇನೂ ತಪ್ಪಿಲ್ಲ. ಜೇಬಿನಲ್ಲಿ ಕಾಗದ ಇಟ್ಟುಕೊಂಡು ಕೂತವನು ನಾನು. ಟಾನಿಕ್ ಎಂಬ ಮಾತು ಕೇಳಿದ ಕೂಡಲೇ ಮನಸ್ಸಿನಲ್ಲೇ ಐದು ಬೆರಳೂ ಒತ್ತಿದೆ. ವ್ಯಾಪಾರ ಮುಗಿಯಿತು. ಎರಡು ವಾರ ಬಿಟ್ಟು ಬನ್ನಿ ಎಂದದ್ದು ಕೇಳಿಸಲೇ ಇಲ್ಲ.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅಕ್ಕ ನಿಂತು ಉಸಿರು ತೆಗೆದುಕೊಂಡು ನನ್ನನ್ನೇ ನೋಡಿದಳು. “ನನ್ ಕಾಯ್ಲೆಗೂ ದಲ್ಲಾಳಿ ಮಾಡ್ತಿದ್ದೀಯೇನ್ಲಾ?”

“ಕಡಿಮೆಗೆ ಕುದುರಿಸಿದ್ದೀನಿ ಬಾ ಅಕ್ಕಾ” ಎಂದೆ. ಹೆಮ್ಮೆಯಿಂದಲೇ ಎಂದೆ.

ಭಾದ್ರಪದ, ಆಶ್ವೀಜ ಹೋದವು. ಟಾನಿಕ್ ಬಾಟಲಿಗಳು ರೊಪ್ಪದ ಗೋಡೆಯ ಮೇಲೆ ಸಾಲಾಗಿ ನಿಂತವು. ಒಮ್ಮೊಮ್ಮೆ ಜ್ವರ ಬರುತ್ತಿತ್ತು, ಹೋಗುತ್ತಿತ್ತು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ ಎಂದಳು ಒಂದು ದಿನ. “ಬೇವಿನ ಕಡ್ಡಿ ಬಿಟ್ಟು ಪೇಸ್ಟ್ ಹಾಕು” ಎಂದೆ. ಉಪದೇಶಕ್ಕೆ ನನ್ನಲ್ಲಿ ಯಾವತ್ತೂ ಬರವಿಲ್ಲ.

ದೀಪಾವಳಿ ಕಳೆದ ವಾರ ಪಾವಗಡದಿಂದ ಹನುಮಂತರಾಯಪ್ಪ ಅಕ್ಕನ ಕುರಿ ನೋಡಲು ಬಂದ. ಆಂಧ್ರದ ಗಡಿಯವನು, ಮಾತಿನಲ್ಲಿ ಅರ್ಧ ತೆಲುಗು. ವ್ಯಾಪಾರದಲ್ಲಿ ನನಗಿಂತ ಒಂದು ಕೈ ಮೇಲೆ. ನಮ್ಮ ಬೆರಳು ಟವೆಲ್ಲಿನ ಕೆಳಗಿದ್ದವು. ಅಕ್ಕ ಮಜ್ಜಿಗೆ ತಂದುಕೊಟ್ಟಳು. ಲೋಟ ಚಾಚಿದಾಗ ಅವಳ ಸೆರಗು ಸರಿದು ಮೊಣಕೈ ಕಂಡಿತು. ನೇರಳೆ ಹಣ್ಣು ಹಿಸುಕಿದ ಹಾಗೆ ಕಲೆಗಳು.

ಹನುಮಂತರಾಯಪ್ಪನ ಬೆರಳು ಟವೆಲ್ಲಿನ ಕೆಳಗೇ ನಿಂತುಹೋದವು. “ಅಮ್ಮಾ, ಇದೇಮಿ? ಬಿದ್ದಿದ್ಯಾ?”

“ಎಲ್ಲೂ ಬಿದ್ದಿಲ್ಲ ಕಣಪ್ಪಾ. ಸುಮ್ಮುನ್ಗೇ ಬತ್ತವೆ.”

ಅವನು ಕೈ ತೆಗೆದ. ವ್ಯಾಪಾರದ ನಡುವೆ ಕೈ ತೆಗೆಯುವುದು ನಮ್ಮಲ್ಲಿ ಅವಮಾನ. ನಾನು ಮುಖ ನೋಡಿದೆ. “ಅಣ್ಣಾ, ಈ ದಿನ ಬ್ಯಾರಮು ವದ್ದು, ಬ್ಯಾಡ. ನಮ್ ತಮ್ಮುಡಿಗೂ ಇಂಗೇ ಬಂದಿತ್ತು. ತುಮಕೂರಿಗೆ ವಾರಕ್ಕೊಂದ್ ದಿನ ಬೆಂಗಳೂರಿಂದ ಒಬ್ಬಮ್ಮ ಬರ್ತಾಳೆ, ರಕ್ತದ ಕ್ಯಾನ್ಸರ್ ನೋಡೋ ಡಾಕ್ಟರಮ್ಮ. ನಾಳೆನೇ ಪೋ. ಕುರಿ ಎಲ್ಲಿಗ್ ಪೋತಾವೆ, ಆಮೇಲೆ ನೋಡಣ.”

ಅಕ್ಕನ ಮುಂದೆಯೇ ಆ ಹೆಸರು ಹೇಳಿಬಿಟ್ಟ. ಅವಳು ಮಜ್ಜಿಗೆಯ ಚೊಂಬು ಹಿಡಿದುಕೊಂಡು ನಿಂತೇ ಇದ್ದಳು. “ಕುಡೀರಿ, ಬಿಸಿಯಾಗ್ತದೆ” ಎಂದಳು.

ಇಲ್ಲಿಂದ ಮುಂದಿನದನ್ನು ನೀವು ಬೇಕಾದರೆ ಉಪದೇಶವೆಂದೇ ತೆಗೆದುಕೊಳ್ಳಿ. ಕ್ಯಾನ್ಸರ್ ಡಾಕ್ಟರು ಎಂದು ಕೇಳಿದರೆ ಎಲ್ಲರೂ ಒಂದು ಕಟ್ಟಡ ತೋರಿಸುತ್ತಾರೆ. ನಾನು ತುಮಕೂರಿನಲ್ಲಿ ಆಟೋದವನನ್ನು ಕೇಳಿ ಹೋಗಿ ಕೂತದ್ದು ಗೆಡ್ಡೆ ಕೊಯ್ಯುವ ಸರ್ಜನ್ನರ ಬಾಗಿಲಲ್ಲಿ. ಅರ್ಧ ದಿನ ಕಾದ ಮೇಲೆ ಅವರು, “ಇದು ನನ್ನ ವಿಭಾಗ ಅಲ್ಲಪ್ಪ, ಹೆಮಟಾಲಜಿ ಅಂತ ಕೇಳು” ಎಂದು ಚೀಟಿಯ ಮೇಲೆ ಬರೆದುಕೊಟ್ಟರು. ರಕ್ತಕ್ಕೇ ಬೇರೆ ಡಾಕ್ಟರು ಇರುತ್ತಾರೆ, ರಕ್ತದ ಕ್ಯಾನ್ಸರನ್ನು ನೋಡುವವರು ಅವರು. ಆ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಬರುವ ದಿನ ಯಾವುದು ಎಂದು ಮೊದಲೇ ಫೋನು ಮಾಡಿ ಕೇಳಿ. ನಾವು ಹೋದದ್ದು ಅವರು ಬಂದು ಹೋದ ಮಾರನೆಯ ದಿನ. ಇನ್ನೂ ಆರು ದಿನ ಕಾಯಬೇಕಾಯಿತು. ಅವರು ಬರುವ ದಿನ ನಾನು ಪರಿಚಯದ ಒಬ್ಬ ಅಟೆಂಡರನ್ನು ಹಿಡಿದು ಬೇಗ ಒಳಗೆ ಬಿಡಿಸಲು ನೋಡಿದೆ. ಅವನು, “ಯಜಮಾನ್ರೇ, ಇಲ್ಲಿ ಇರೋರೆಲ್ಲ ಅದೇ ಕಾಯ್ಲೆಯೋರೇ. ಯಾರನ್ ಹಿಂದಕ್ ಹಾಕಣ?” ಎಂದ. ಬೆಂಚಿನ ಮೇಲೆ ತಲೆಗೂದಲಿಲ್ಲದ ಒಬ್ಬ ಹೆಂಗಸು ಬಟಾಣಿ ಬಿಡಿಸುತ್ತಿದ್ದಳು, ಮನೆಯಲ್ಲಿ ಕೂತ ಹಾಗೆ. ನಾನು ಹಿಂದೆ ಹೋಗಿ ಕೂತೆ.

ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು. ಮಾತು ಕಡಿಮೆ. ಅಕ್ಕನನ್ನು ಕೂರಿಸಿ ಮೊದಲು ಮಾಡಿದ್ದೇ ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದದ್ದು. ನಾನು ನೆಲ ನೋಡಿದೆ. ಅಕ್ಕ ಮಾತ್ರ, “ನೀನೂ ಕುರಿ ಯಾಪಾರದೋಳೇನವ್ವಾ?” ಎಂದಳು.

“ಯಾಕಜ್ಜಿ?”

“ನಮ್ಮುಡ್ಗನೂ ಇಂಗೇ ನೋಡ್ತಾನೆ.”

ಡಾಕ್ಟರಮ್ಮ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, “ಹಳೆಯ ರಿಪೋರ್ಟು ಇದ್ದರೆ ಕೊಡಿ” ಎಂದರು. ಒಳಜೇಬಿನಿಂದ ತೆಗೆದು ಕೊಟ್ಟೆ. ಬೆವರಿಗೆ ಮಡಿಕೆಗಳೆಲ್ಲ ಹರಿಯುವ ಹಾಗಾಗಿದ್ದವು. ಅವರು ಅದನ್ನು ಮೇಜಿನ ಮೇಲೆ ನಿಧಾನವಾಗಿ ಬಿಡಿಸಿ, ತಾರೀಖಿನ ಮೇಲೆ ಬೆರಳಿಟ್ಟರು.

“ಇದು ಮೂರು ತಿಂಗಳ ಹಿಂದಿನದು. ಆಮೇಲೆ ಇದನ್ನ ಯಾರಿಗೆ ತೋರಿಸಿದ್ರಿ?”

“ಯಾರಿಗೂ ಇಲ್ಲ ಮೇಡಂ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಉತ್ತರ ಹೊಂದಿಸುತ್ತಿದ್ದೆ, ನನಗೆ ಆ ಕಲೆ ಗೊತ್ತು. ಅವರು ಪೆನ್ನು ತೆಗೆದುಕೊಂಡು ಬರೆಯಲು ಶುರು ಮಾಡಿದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆ ಮಾಡಬೇಕು ಎಂದರು. ತೆಗೆಯುವಾಗ ನಾನು ಪರದೆಯ ಈಚೆ ನಿಂತಿದ್ದೆ. ಅಕ್ಕ ಕೂಗಲಿಲ್ಲ. ಒಂದೇ ಒಂದು ಸಲ, ಕುರಿಗೆ ಉಣ್ಣೆ ಕತ್ತರಿಸುವಾಗ ಅದು ಬಿಡುವಂಥ ಉಸಿರು ಕೇಳಿಸಿತು.

ಮುಂದಿನ ವಾರ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದರು. ರಕ್ತ ತಯಾರಾಗುವ ಜಾಗದಲ್ಲೇ ಕ್ಯಾನ್ಸರ್ ತುಂಬಿಕೊಂಡಿದೆ. ಈ ವಯಸ್ಸಿಗೆ, ಈ ಸ್ಥಿತಿಗೆ ಬಲವಾದ ಔಷಧಿ ಕೊಟ್ಟರೆ ದೇಹ ತಡೆಯದು. ರಕ್ತ ಏರಿಸುತ್ತ, ಸೌಮ್ಯವಾದ ಮದ್ದು ಕೊಡುತ್ತ ಹೋಗಬಹುದು. ಕೆಲವು ತಿಂಗಳು.

ನಾನು ಏನು ಹೇಳಿದೆ ಗೊತ್ತೇ? ನಾಚಿಕೆ ಬಿಟ್ಟು ಹೇಳುತ್ತೇನೆ. ಕೈ ಮುಗಿದು, “ಸ್ವಲ್ಪ ಕಡಿಮೆ ಮಾಡಿ ಹೇಳಿ ಮೇಡಂ” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು. ಅವಳು ಸೆರಗಿನ ತುದಿಯನ್ನು ನನ್ನ ಕೈ ಮೇಲೆ ಎಳೆದುಕೊಂಡಳು. ಆ ಸೆರಗಿನ ಕೆಳಗೆ ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದು, ಒಮ್ಮೆ ಬಿಗಿಯಾಗಿ ಒತ್ತಿ, ಬಿಟ್ಟಳು. ಆ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, “ಮುಂದುಕ್ಕೆ ಏನ್ ಮಾಡ್ಬೇಕು ಯೋಳವ್ವಾ. ಇವ್ನ್ ಮಾತು ಕೇಳ್ಬ್ಯಾಡ” ಎಂದಳು.

ಹೊರಗೆ ಬಂದ ಮೇಲೆ, ಅಕ್ಕನನ್ನು ಬೆಂಚಿನಲ್ಲಿ ಬಿಟ್ಟು, ನಾನೊಬ್ಬನೇ ಮತ್ತೆ ಒಳಗೆ ಹೋದೆ. ಶ್ರಾವಣದಲ್ಲೇ ಬಂದಿದ್ದರೆ ಎಂದು ಕೇಳಿದೆ. ಡಾಕ್ಟರಮ್ಮ ಕನ್ನಡಕ ತೆಗೆದರು. “ಬಂದಿದ್ದರೆ ಉಳೀತಿದ್ರು ಅಂತ ಹೇಳಲಾರೆ. ಉಳೀತಿರಲಿಲ್ಲ ಅಂತಲೂ ಹೇಳಲಾರೆ. ಆಗ ಇನ್ನೂ ಶಕ್ತಿ ಇತ್ತು, ಪ್ರಯತ್ನ ಮಾಡಬಹುದಿತ್ತು.” ನನ್ನ ಜೀವಮಾನದಲ್ಲಿ ಯಾವ ಬೆಲೆಯನ್ನೂ ನಾನು ಹೀಗೆ ತೆಗೆದುಕೊಂಡು ಬಂದಿಲ್ಲ. ಇಷ್ಟು ಎಂದರೆ ಇಷ್ಟು ಎಂದು ಹೊತ್ತುಕೊಳ್ಳಬಹುದು. ಇದಕ್ಕೆ ಕೊನೆಯೇ ಇಲ್ಲ. ಈಗಲೂ ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಒಳಜೇಬಿನ ಮೇಲೆ ಕೈ ಹೋಗುತ್ತದೆ.

ಅಲ್ಲಿಂದ ಮುಂದೆ ಪ್ರತಿ ವಾರ ತುಮಕೂರಿನ ಬಸ್ಸು. ರಕ್ತ ಏರಿಸಿದ ದಿನ ಅಕ್ಕನಿಗೆ ಕೆನ್ನೆಯಲ್ಲಿ ಬಣ್ಣ ಬರುತ್ತಿತ್ತು. ವಾಪಸು ಬರುವಾಗ ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಅವಳೇ ಕಿಟಕಿಯ ಕಡೆ ಮುಖ ಮಾಡಿ ರೆಪ್ಪೆ ಎಳೆದು ತೋರಿಸಿ, “ನೋಡ್ಲಾ, ಇವೊತ್ತು ಮಾರುದ್ರೆ ಒಳ್ಳೇ ರೇಟು” ಎನ್ನುತ್ತಿದ್ದಳು. ಮುಂದಿನ ವಾರಕ್ಕೆ ಮತ್ತೆ ಸುಣ್ಣ. ನಾನು ಒಂದು ದಿನ ತಡೆಯಲಾರದೆ, “ಅಕ್ಕಾ, ಆ ಕಾಗದ ನಾನು ಬಚ್ಚಿಟ್ಟೆ” ಎಂದೆ. ಅವಳು ಆಗ ಕಡಲೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಗೊತ್ತಿತ್ತು ಕಣ್ಲಾ. ಅಂಗಿ ಒಗೆಯೋಳು ನಾನೇ ಅಲ್ವಾ?”

“ಮತ್ಯಾಕೆ ಕೇಳಲಿಲ್ಲ?”

“ನೀನು ಕುದುರುಸ್ತೀಯ ಅನ್ಕಂಡಿದ್ದೆ.”

ಅವಳು ಓದಿದವಳಲ್ಲ. ಆ ಕಾಗದವನ್ನು ಅಂಗಿಯಿಂದ ತೆಗೆದು, ಬಟ್ಟೆ ಒಗೆದು, ಒಣಗಿದ ಮೇಲೆ ಮತ್ತೆ ಅದೇ ಜೇಬಿಗೆ ಇಡುತ್ತಿದ್ದಳಂತೆ. ನಾನು ಪುರವರಕ್ಕೆ ಹೋದಾಗಲೆಲ್ಲ ಅಂಗಿ ಬಿಚ್ಚಿ ಅವಳ ಕೈಗೆ ಕೊಟ್ಟು ಲುಂಗಿ ಉಟ್ಟುಕೊಳ್ಳುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಇಷ್ಟು ದಿನ ನನ್ನ ಬುದ್ಧಿವಂತಿಕೆಯನ್ನು ಬೇರೆಯವರು ನಂಬಲಿಲ್ಲ ಎಂಬುದು ನನ್ನ ದೂರಾಗಿತ್ತು. ಒಬ್ಬಳು ಪೂರ್ತಿ ನಂಬಿದ್ದಳು.

ಹುಣಸೆ ಬಡಿಯುವ ಕಾಲಕ್ಕೆ ಹೋದಳು. ರೊಪ್ಪದ ಪಕ್ಕದ ಕೋಣೆಯಲ್ಲಿ, ಮಧ್ಯಾಹ್ನ. ಕಣ್ಣು ಮುಚ್ಚಿದವನು ನಾನೇ. ಮುಚ್ಚುವ ಮೊದಲು ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಕೆಳರೆಪ್ಪೆಯ ಹತ್ತಿರ ಹೋಗಿ ನಿಂತಿತ್ತು.

ಸಂತೆಯ ಅಂಗಡಿಯಲ್ಲಿ ನನ್ನ ಟೀ ಆರಿಹೋಗಿತ್ತು. ನಾಗರಾಜ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಹೆಂಡತಿ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ಸೆರಗಿನೊಳಗಿಂದ ಕಂಡ ಅವಳ ಉಗುರುಗಳು ಬೆಳ್ಳಗಿದ್ದವು. ನಾನು ರೆಪ್ಪೆ ಎಳೆದು ನೋಡಲಿಲ್ಲ. ಆ ಕೆಲಸ ಗೊತ್ತಿರುವವರು ಬೇರೆ ಇದ್ದಾರೆ.

“ಮೊದಲನೆಯ ಕಾಗದ ತೆಗಿ” ಎಂದೆ.

“ಅಣ್ಣಾ, ಮೂರ್ನೇರು...”

“ಮೂರೂ ತೆಗಿ. ತಾರೀಖಿನ ಪ್ರಕಾರ ಜೋಡ್ಸು. ಹಳೇದು ಮೇಲೆ. ಇವತ್ತು ತುಮಕೂರಿಗೆ ರಕ್ತದ ಡಾಕ್ಟರಮ್ಮ ಬರೋ ದಿನ.”

“ಸಂತೆ ಐತಲ್ಲಣ್ಣಾ. ಮುಂದಿನ ವಾರ ಹೋದ್ರಾಯ್ತು. ಅಷ್ಟ್ರಲ್ಲಿ ಈ ಟಾನಿಕ್ಕೂ ಖಾಲಿಯಾಯ್ತದೆ.”

ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಕೈ ಮೇಲೆ ಹಾಕಿದೆ. ಅವನು ಅಭ್ಯಾಸಬಲದಿಂದ ಬೆರಳು ಚಾಚಿದ. ಐದನ್ನೂ ಹಿಡಿದು ಒಮ್ಮೆ ಒತ್ತಿ ಬಿಟ್ಟೆ. ಅವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಕವರು ಎತ್ತಿಕೊಂಡ. ನಮ್ಮ ಕಸುಬಿನವರು ಅದನ್ನು ಮೀರುವುದಿಲ್ಲ.

ಮೂವರೂ ತುಮಕೂರಿನ ಬಸ್ಸಿನ ಕಡೆ ನಡೆಯುವಾಗ ಹಿಂದಿನಿಂದ ಮರಿಯವನು ಕೂಗಿದ. “ಏನ್ ಯಜಮಾನ್ರೇ, ಅರ್ಧಕ್ಕೇ ಕೈ ಬುಟ್ಟು ಹೊಂಟ್ರಿ. ತಗೋತೀರೋ ಬುಡ್ತೀರೋ?”

ನಾನು ತಿರುಗಿ ನೋಡಿದೆ. ಅವನ ತೋಳಿನಲ್ಲಿ ಆ ತೊಳೆದ ಮರಿ ಕಿವಿ ಅಲ್ಲಾಡಿಸುತ್ತಿತ್ತು.

“ಜಂತಿನ ಔಷಧಿ ಕುಡ್ಸಪ್ಪಾ” ಎಂದೆ. “ಕುರಿಗೆ ಅಷ್ಟು ಸಾಕು.”